ಸರ್ಪಸುತ್ತು: ಮೊದಲ ಮೂರು ದಿನಗಳು

ಮೈಯ ಒಂದೇ ಪಾರ್ಶ್ವದಲ್ಲಿ, ಬೆನ್ನಿನಿಂದ ಎದೆಯ ಕಡೆಗೋ ಸೊಂಟದಿಂದ ಹೊಟ್ಟೆಯ ಕಡೆಗೋ ಪಟ್ಟಿಯಂತೆ ಹಬ್ಬಿ, ಕೆಂಪಾದ ಚರ್ಮದ ಮೇಲೆ ನೀರುಗುಳ್ಳೆಗಳ ಗೊಂಚಲುಗಳನ್ನು ಎಬ್ಬಿಸುವ ಬೇನೆಯನ್ನು ಕನ್ನಡಿಗರು ಸರ್ಪಸುತ್ತು ಎಂದೂ ಮರಾಠಿ ನೆರೆಹೊರೆಯವರು ನಾಗೀಣ್ ಎಂದೂ ಕರೆಯುತ್ತಾರೆ. ವೈದ್ಯಶಾಸ್ತ್ರದಲ್ಲಿ ಅದು ಹರ್ಪಿಸ್ ಜೋಸ್ಟರ್. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿನಲ್ಲೂ ಇಲ್ಲಿಯೂ ಕಿವಿಗೆ ಬೀಳುವ ಮಾತು ಒಂದೇ: ಗುಳ್ಳೆಗಳ ಸಾಲು ಮೈಯನ್ನು ಸುತ್ತಿ ಹಾವಿನ ಹೆಡೆಯೂ ಬಾಲವೂ ಕೂಡಿದರೆ ರೋಗಿ ಉಳಿಯುವುದಿಲ್ಲ. ಈ ಮಾತಿಗೆ ಆಧಾರವಿಲ್ಲದಿದ್ದರೂ, ಅದನ್ನು ನಂಬಿ ಮಂತ್ರ, ಲೇಪಗಳಲ್ಲಿ ಕಳೆಯುವ ದಿನಗಳಿಂದ ಆಗುವ ಹಾನಿ ದೊಡ್ಡದು.

ಈ ರೋಗದ ಬೀಜ ಬಹುಮಟ್ಟಿಗೆ ಎಷ್ಟೋ ವರ್ಷಗಳ ಹಿಂದೆಯೇ ಮೈಸೇರಿರುತ್ತದೆ. ಸೀತಾಳೆ ಸಿಡುಬನ್ನು, ಅಂದರೆ ಚಿಕನ್‌ಪಾಕ್ಸನ್ನು, ತರುವ ವ್ಯಾರಿಸೆಲ್ಲಾ ಜೋಸ್ಟರ್ ವೈರಾಣು ಸಿಡುಬು ಒಣಗಿದ ಮೇಲೂ ದೇಹವನ್ನು ಬಿಡದೆ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಎಂದರೆ ಸ್ಪರ್ಶ ಮತ್ತು ನೋವನ್ನು ಅರಿಯುವ ನರಕೋಶಗಳ ಪುಟ್ಟ ಗುಂಪುಗಳಲ್ಲಿ, ದಶಕಗಳ ಕಾಲ ಸುಪ್ತವಾಗಿರುತ್ತದೆ. ಐವತ್ತು ದಾಟಿದ ವಯಸ್ಸಿನಿಂದಲೋ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್ ಗುಳಿಗೆ, ಎಚ್‌ಐವಿ ಸೋಂಕುಗಳಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಎಚ್ಚೆತ್ತು ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮಲ್ಲಿಗೆ ಬಂದ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಈ ವಿವರಣೆಯನ್ನು ಮಂಡಿಸಿದರು. ಇಂಥ ಪ್ರತಿಯೊಂದು ನರವೂ ಮೈಯ ಎಡ ಅಥವಾ ಬಲ ಅರ್ಧದ ಒಂದು ಪಟ್ಟಿಗಷ್ಟೇ ಸಂಬಂಧಿಸಿರುವುದರಿಂದ ಗುಳ್ಳೆಗಳು ನಡುಗೆರೆಯ ಹತ್ತಿರ ನಿಂತುಬಿಡುತ್ತವೆ. ಅಪರೂಪಕ್ಕೆ ಅವು ಎರಡೂ ಬದಿಗಳಲ್ಲಿ ಕಾಣಿಸಿಕೊಂಡರೆ, ರೋಗನಿರೋಧಕ ಶಕ್ತಿ ಏಕೆ ಕುಗ್ಗಿದೆ ಎಂಬುದನ್ನು ವೈದ್ಯರು ಪರೀಕ್ಷಿಸಬೇಕಾಗುತ್ತದೆ.

ಗುಳ್ಳೆ ಏಳುವುದಕ್ಕೆ ಕೆಲವು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚಿದಂತಹ ನೋವು, ತುರಿಕೆ, ಬಟ್ಟೆ ತಾಗಿದರೂ ಸಹಿಸಲಾಗದ ಸಂಕಟ ಶುರುವಾಗುವುದುಂಟು. ರೋಗವನ್ನು ಗುರುತಿಸುವಲ್ಲಿ ತಪ್ಪಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಒಂದು ಕೈಯಲ್ಲಿ ಜೋತು ನಿಂತು ಹೋಗುವವರು ಬೆನ್ನಿನ ನೋವನ್ನು ಸ್ನಾಯುಸೆಳೆತವೆಂದು ತಿಳಿಯುವುದು ಸಹಜ; ಪಕ್ಕೆಯ ನೋವಾದರೆ ಮೂತ್ರಪಿಂಡದ ಕಲ್ಲೆಂದು, ಎಡ ಎದೆಯ ನೋವಾದರೆ ಹೃದಯದ ತೊಂದರೆಯೆಂದು ಶಂಕೆ ಹುಟ್ಟುತ್ತದೆ. ಹಾಗೆಂದು ಎದೆನೋವನ್ನು ಸರ್ಪಸುತ್ತಿನದೆಂದು ಮನೆಯಲ್ಲೇ ತೀರ್ಮಾನಿಸಬಾರದು. ಮಳೆಗಾಲದಲ್ಲಿ ದೀಪಕ್ಕೆ ಬರುವ ಪೇಡರಸ್ ಎಂಬ ಪುಟ್ಟ ಕೀಟ ಮೈಮೇಲೆ ಜಜ್ಜಿಹೋದಾಗಲೂ ಉದ್ದ ಗೀರಿನಂತೆ ಗುಳ್ಳೆಗಳು ಏಳುತ್ತವೆ, ಆದರೆ ಅದಕ್ಕೆ ಮೊದಲಿನ ದಿನಗಳ ನರನೋವು ಇರುವುದಿಲ್ಲ.

ವೈರಾಣುವಿನ ಬೆಳವಣಿಗೆಯನ್ನು ತಡೆಯುವ ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮಾತ್ರೆಗಳನ್ನು ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಆರಂಭಿಸಿದರೆ ಅವುಗಳಿಂದ ಪ್ರಯೋಜನ ಹೆಚ್ಚು. ಅಸೈಕ್ಲೋವಿರ್ ರೂಪಿಸಿದ ತಂಡದ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಪಡೆದ ವಿಜ್ಞಾನಿ. ಅಂಥ ಔಷಧ ಕೈಗೆಟಕುವಂತಿದ್ದರೂ, ಮೊದಲೆರಡು ದಿನ ಕಾವಿಮಣ್ಣಿನ ಲೇಪದಲ್ಲಿ ಕಳೆದು, ಆಮೇಲೆ ಥಾಣೆಯಲ್ಲೋ ಪನ್ವೇಲಿನಲ್ಲೋ ಕೊಂಕಣ ರೈಲು ಹತ್ತಿ ಊರಿನ ಮಂತ್ರವಾದಿಯನ್ನು ಕಾಣಲು ಹೊರಟರೆ ಆ 72 ಗಂಟೆಗಳ ಅವಧಿ ದಾರಿಯಲ್ಲೇ ಮುಗಿದಿರುತ್ತದೆ. ಮಂತ್ರ ಹಾಕಿಸಿದವರು ವಾಸಿಯಾದಂತೆ ತೋರುವುದು, ರೋಗ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಮಾಗುವುದರಿಂದ. ಮೂರು ದಿನ ಮೀರಿದರೂ ಹೊಸ ಗುಳ್ಳೆಗಳು ಏಳುತ್ತಿದ್ದರೆ ಚಿಕಿತ್ಸೆಗೆ ಅರ್ಥವಿದೆ.

ಹಣೆ, ಕಣ್ಣುರೆಪ್ಪೆ, ವಿಶೇಷವಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ನರದ ಶಾಖೆ ಕಣ್ಣಿಗೂ ಹೋಗುವುದರಿಂದ ದೃಷ್ಟಿಗೆ ಅಪಾಯವಿದ್ದು, ಅಂದೇ ಕಣ್ಣಿನ ತಜ್ಞರನ್ನು ಕಾಣಬೇಕು. ಕಿವಿಯಲ್ಲಿ ಗುಳ್ಳೆ ಎದ್ದು ಮುಖ ಒಂದು ಕಡೆಗೆ ಸೊಟ್ಟಗಾದರೂ, ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಗೊಂದಲ ಕಾಣಿಸಿದರೂ, ಗುಳ್ಳೆಗಳು ಮೈತುಂಬ ಹರಡಿದರೂ ತಡಮಾಡುವಂತಿಲ್ಲ. ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ವಾಶಿಯ ನಗರಪಾಲಿಕೆ ಆಸ್ಪತ್ರೆ ಈ ಭಾಗದ ಸಾರ್ವಜನಿಕ ಆಸ್ಪತ್ರೆಗಳು. ಗರ್ಭಿಣಿಯರು ಮತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಲಕ್ಷಣ ಎಷ್ಟೇ ಸೌಮ್ಯವಾಗಿದ್ದರೂ ಕಾಯಬಾರದು. ಮೂತ್ರಪಿಂಡದ ರೋಗವಿದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಮಾತ್ರೆಯ ಪ್ರಮಾಣವನ್ನು ಆಗ ಬದಲಿಸಬೇಕಾಗುತ್ತದೆ.

ಚಾಳಿನ ಕೋಣೆಯಲ್ಲಿ ಅಥವಾ ಒನ್ ರೂಮ್ ಕಿಚನ್ ಮನೆಯಲ್ಲಿ ಐದಾರು ಜನ ಕೂಡಿ ಬಾಳುವಾಗ ಸೋಂಕಿನ ಚಿಂತೆ ನ್ಯಾಯವಾದದ್ದೇ. ಗುಳ್ಳೆಯ ನೀರು ತಾಗಿದರೆ ಸೀತಾಳೆ ಸಿಡುಬು ಬಾರದವರಿಗೆ ಸಿಡುಬು ಬರಬಹುದು. ಆದ್ದರಿಂದ ಹಕ್ಕಳೆ ಕಟ್ಟುವವರೆಗೆ ಗುಳ್ಳೆಗಳನ್ನು ಸ್ವಚ್ಛ ಬಟ್ಟೆಯಿಂದ ಮುಚ್ಚಿ, ಟವೆಲು ಪ್ರತ್ಯೇಕವಿಟ್ಟು, ಸಿಡುಬು ಬಾರದ ಗರ್ಭಿಣಿಯರಿಂದಲೂ ಹಸುಗೂಸುಗಳಿಂದಲೂ ದೂರವಿದ್ದರೆ ಸಾಕು. ರೋಗಿಯನ್ನು ಅಸ್ಪೃಶ್ಯರಂತೆ ಕಾಣುವುದು ಕ್ರೌರ್ಯ.

ಚರ್ಮ ಮಾಗಿದ ಮೇಲೂ ಮೂರು ತಿಂಗಳು ಮೀರಿ ನೋವು ಉಳಿದರೆ ಅದು ನರಕ್ಕಾದ ಹಾನಿಯ ಫಲ. ವಯಸ್ಸಾದವರಲ್ಲಿ ಇದು ಹೆಚ್ಚು, ಸಾಮಾನ್ಯ ನೋವಿನ ಮಾತ್ರೆಗಳಿಗೆ ಬಗ್ಗದಿದ್ದರೂ ಇದಕ್ಕೆ ಬೇರೆ ಔಷಧಗಳಿವೆ. 2023ರಿಂದ ಭಾರತದಲ್ಲಿ ಸರ್ಪಸುತ್ತನ್ನು ತಡೆಯುವ ಶಿಂಗ್ರಿಕ್ಸ್ ಎಂಬ ಲಸಿಕೆ ದೊರೆಯುತ್ತಿದ್ದು, ಐವತ್ತು ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಅದನ್ನು ಕೊಡುತ್ತಾರೆ. ಬೆಲೆ ದುಬಾರಿ, ಆದರೆ ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ಅದನ್ನು ಹಾಕಿಸಿಕೊಳ್ಳಬಹುದು.