ಜಠರ ಶಸ್ತ್ರಚಿಕಿತ್ಸೆಯ ಉತ್ತರಫಲಗಳು: ಮೈಸೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಚರಿತ್ರೆಯನ್ನು ಅಭ್ಯಾಸಮಾಡುವವನು ಕಲಿಯಬೇಕಾದ ಮೊದಲ ಪಾಠಗಳಲ್ಲಿ ಒಂದೆಂದರೆ, ಕಾರಣಕ್ಕೂ ಕಾರ್ಯಕ್ಕೂ ನಡುವೆ ಇರುವ ಕಾಲದ ಅಂತರ. ಕಾರಣವು ಇಂದು ಒದಗಿ, ಅದರ ಫಲವು ಐದು ಹತ್ತು ವರ್ಷಗಳ ಮೇಲೆ ತೋರಿಕೊಂಡರೆ, ಅವೆರಡನ್ನೂ ಜೋಡಿಸಿ ನೋಡುವವರು ವಿರಳ. ದೇಹದ ತೂಕವನ್ನು ಇಳಿಸುವ ಸಲುವಾಗಿ ಜಠರದ ಮೇಲೆ ನಡೆಸುವ ಶಸ್ತ್ರಚಿಕಿತ್ಸೆಯು ಈ ಮಾತಿಗೆ ಸ್ಪಷ್ಟವಾದ ನಿದರ್ಶನವಾಗಿದೆ. ಮೈಸೂರು, ಬೆಂಗಳೂರುಗಳ ಆಸ್ಪತ್ರೆಗಳಲ್ಲಿ ಇಂದು ಈ ಚಿಕಿತ್ಸೆ ದೊರೆಯುತ್ತದೆ. ಆದರೆ ಅದನ್ನು ಪಡೆದವನ ಮುಂದಿನ ಬಾಳು ಸಾಗುವುದು ತನ್ನ ಊರಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ತಾಲ್ಲೂಕುಗಳಿಗೆ ಹಿಂದಿರುಗಿದವನಿಗೆ ಮುಂದೆ ಒದಗಬಹುದಾದ ತೊಡಕುಗಳೇನು, ಅವುಗಳ ಅರಿವು ಎಷ್ಟು ಹಳೆಯದು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಜಠರದ ಕಾರ್ಯವನ್ನು ಗಮನಿಸೋಣ. ಜಠರವು ಉಂಡ ಅನ್ನವನ್ನು ತುಂಬಿಡುವ ಚೀಲವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದು ಅಷ್ಟೇ ಅಲ್ಲ. ಅಲ್ಲಿ ಸ್ರವಿಸುವ ಆಮ್ಲವು ಆಹಾರದಲ್ಲಿರುವ ಕಬ್ಬಿಣವನ್ನು ದೇಹವು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ. ಜಠರದ ಗೋಡೆಯಿಂದ ಹೊರಡುವ ಇನ್ನೊಂದು ವಸ್ತುವಿನ ನೆರವಿಲ್ಲದೆ ಬಿ-೧೨ ಎಂಬ ಜೀವಸತ್ವವು ರಕ್ತವನ್ನು ಸೇರಲಾರದು. ಅಮೆರಿಕದ ವೈದ್ಯ ವಿಲಿಯಂ ಕ್ಯಾಸಲ್ ೧೯೨೦ರ ದಶಕದ ಕೊನೆಯಲ್ಲಿ ಇದನ್ನು ತೋರಿಸಿಕೊಟ್ಟನು. ಜಠರದಿಂದ ಮುಂದಿನ ಮುಂಗರುಳಿನಲ್ಲಿ ಕಬ್ಬಿಣವೂ ಸುಣ್ಣದ ಅಂಶವೂ ಹೆಚ್ಚಾಗಿ ಹೀರಲ್ಪಡುತ್ತವೆ. ಆದಕಾರಣ ಜಠರವನ್ನು ಕತ್ತರಿಸುವುದಾಗಲಿ, ಮುಂಗರುಳನ್ನು ಬಳಸಿಕೊಂಡು ಆಹಾರಕ್ಕೆ ಬೇರೆ ದಾರಿ ಮಾಡುವುದಾಗಲಿ, ಊಟದ ಪ್ರಮಾಣವನ್ನು ಮಾತ್ರವಲ್ಲದೆ ಊಟದಿಂದ ದೊರೆಯುವ ಪುಷ್ಟಿಯನ್ನೂ ಕುಂದಿಸುತ್ತದೆ.

ಈ ಅರಿವು ತೂಕದ ಶಸ್ತ್ರಚಿಕಿತ್ಸೆಯಿಂದ ಬಂದುದಲ್ಲ. ೧೮೮೧ರಲ್ಲಿ ವಿಯೆನ್ನಾದ ಥಿಯೋಡರ್ ಬಿಲ್‌ರೋತ್ ಜಠರದ ಒಂದು ಭಾಗವನ್ನು ಯಶಸ್ವಿಯಾಗಿ ತೆಗೆದನು. ೧೮೯೭ರಲ್ಲಿ ಜ್ಯೂರಿಕ್ಕಿನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನೇ ತೆಗೆದನು. ಅಲ್ಲಿಂದ ಮುಂದೆ ಬಹುಕಾಲ ಜಠರ ಮತ್ತು ಮುಂಗರುಳಿನ ಹುಣ್ಣಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರವಾಗಿತ್ತು. ಹುಣ್ಣು ಮಾಯುತ್ತಿತ್ತು, ಆದರೆ ಹಲವರು ಸೊರಗುತ್ತಿದ್ದರು, ರಕ್ತಹೀನರಾಗುತ್ತಿದ್ದರು, ವರ್ಷಗಳು ಕಳೆದಂತೆ ಅವರ ಮೂಳೆಗಳು ಮೆತ್ತಗಾಗುತ್ತಿದ್ದವು.

ಈ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಸ್ಥಾನವುಂಟು. ದಕ್ಷಿಣ ಭಾರತದಲ್ಲಿ ಮುಂಗರುಳಿನ ಹುಣ್ಣು ಅತಿಯಾಗಿದ್ದ ಕಾಲದಲ್ಲಿ, ೧೯೫೦ ಮತ್ತು ೧೯೬೦ರ ದಶಕಗಳಲ್ಲಿ, ಫ್ರಾಂಕ್ ಟೋವಿ ಎಂಬ ಆಂಗ್ಲ ಶಸ್ತ್ರವೈದ್ಯರು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ೧೯೦೬ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು ಮೈಸೂರು ಸೀಮೆಯ ಜನ ಮಿಷನ್ ಆಸ್ಪತ್ರೆಯೆಂದೇ ಬಲ್ಲರು. ಟೋವಿಯವರು ಸ್ವದೇಶಕ್ಕೆ ಹಿಂದಿರುಗಿದ ಮೇಲೂ ಈ ವಿಷಯವನ್ನು ಬಿಡಲಿಲ್ಲ. ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಈ ಹುಣ್ಣಿನ ಹಂಚಿಕೆಯನ್ನೂ ಅದಕ್ಕೂ ಆಹಾರಕ್ಕೂ ಇರುವ ಸಂಬಂಧವನ್ನೂ ಕುರಿತು ಅವರ ಪ್ರಬಂಧವು ೧೯೭೯ರಲ್ಲಿ ಪ್ರಕಟವಾಯಿತು. ಮರುವರ್ಷವೇ ಅವರೂ ಅವರ ಸಹೋದ್ಯೋಗಿಯೂ ಜಠರವನ್ನು ಭಾಗಶಃ ತೆಗೆದವರಲ್ಲಿ ಕಾಣುವ ರಕ್ತಹೀನತೆಯನ್ನು ಕುರಿತು ಬರೆದರು. ಅದು ಗುಣಪಡಿಸಬಹುದಾದ ವ್ಯಾಧಿ, ಆದರೂ ಅಲಕ್ಷ್ಯಕ್ಕೆ ಗುರಿಯಾಗಿದೆ ಎಂಬುದೇ ಅವರ ಪ್ರತಿಪಾದನೆಯ ಸಾರ. ಇದು ಇಂದಿಗೂ ಹಳತಾಗಿಲ್ಲ.

ಇಲ್ಲಿ ಚರಿತ್ರೆಯ ಒಂದು ವಿಚಿತ್ರ ತಿರುವನ್ನು ಗಮನಿಸಬೇಕು. ಹುಣ್ಣಿನ ಚಿಕಿತ್ಸೆಯಲ್ಲಿ ದೋಷವೆನಿಸಿದ್ದ ತೂಕದ ಇಳಿತವೇ ಮತ್ತೊಂದು ಚಿಕಿತ್ಸೆಯ ಗುರಿಯಾಯಿತು. ಜಠರದ ಭಾಗವನ್ನು ಕಳೆದುಕೊಂಡವರು ಮತ್ತೆ ಮೈತುಂಬಿಕೊಳ್ಳುವುದಿಲ್ಲವೆಂಬುದನ್ನು ಕಂಡ ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್, ೧೯೬೬ರಲ್ಲಿ ತನ್ನ ಸಹಾಯಕ ಇಟೋ ಜತೆಗೂಡಿ ಅತಿಸ್ಥೂಲರಿಗಾಗಿ ಇದೇ ತತ್ತ್ವದ ಮೇಲೆ ‘ಗ್ಯಾಸ್ಟ್ರಿಕ್ ಬೈಪಾಸ್’ ನಡೆಸಿದನು. ಇದಕ್ಕೆ ಮೊದಲು, ೧೯೫೪ರಲ್ಲಿ, ಮಿನ್ನೆಸೋಟಾದಲ್ಲಿ ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ಪ್ರಯೋಗ ನಡೆದಿತ್ತು. ತೂಕವೇನೋ ಇಳಿಯಿತು; ಆದರೆ ಯಕೃತ್ತು ಕೆಟ್ಟಿತು, ಮೂತ್ರಪಿಂಡದಲ್ಲಿ ಕಲ್ಲುಗಳಾದವು. ತತ್ಪರಿಣಾಮವಾಗಿ ಆ ಪದ್ಧತಿಯನ್ನು ಕೈಬಿಡಬೇಕಾಯಿತು. ಇಂದು ಬಳಕೆಯಲ್ಲಿರುವ ಮುಖ್ಯ ವಿಧಾನಗಳು ಎರಡು. ಒಂದು, ಸುಧಾರಿತ ಬೈಪಾಸ್. ಇನ್ನೊಂದು, ಜಠರದ ಸುಮಾರು ಶೇಕಡ ೭೫ರಿಂದ ೮೦ರಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದು ತೋಳಿನಂತೆ ಕಿರಿದುಗೊಳಿಸುವ ‘ಸ್ಲೀವ್’ ವಿಧಾನ. ಇವುಗಳಿಂದ ಉಪಕಾರವಿಲ್ಲವೆಂದಲ್ಲ. ಸ್ವೀಡನ್ನಿನಲ್ಲಿ ೧೯೮೭ರಿಂದ ನಡೆದ ದೀರ್ಘಾವಧಿಯ ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದ ಸ್ಥೂಲಕಾಯರಲ್ಲಿ ಮರಣಪ್ರಮಾಣ ತಗ್ಗಿತೆಂದು ೨೦೦೭ರಲ್ಲಿ ತೋರಿಸಿತು. ಸಕ್ಕರೆಕಾಯಿಲೆ ಹಲವರಲ್ಲಿ ಹತೋಟಿಗೆ ಬರುತ್ತದೆ. ವಿವೇಚಿಸಬೇಕಾದುದು ಈ ಉಪಕಾರಕ್ಕೆ ತೆರಬೇಕಾದ ಬೆಲೆಯನ್ನು.

ಆ ಬೆಲೆಯನ್ನು ಕಾಲಾನುಕ್ರಮದಲ್ಲಿ ಮೂರು ಹಂತಗಳಾಗಿ ನೋಡಬಹುದು.

ಮೊದಲನೆಯದು ವಾರಗಳ ಹಂತ. ಶಸ್ತ್ರಚಿಕಿತ್ಸೆಯ ತರುವಾಯ ಬಿಡದೆ ವಾಂತಿಯಾದರೆ ಬಿ-೧ ಎಂಬ ಜೀವಸತ್ವ (ಥಯಮಿನ್) ತೀರಿಹೋಗುತ್ತದೆ; ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಗಳಿಗೆ ಮಾತ್ರ ಸಾಕು. ಆಗ ಕಣ್ಣಿನ ಚಲನೆ ಕೆಡುವುದು, ನಡಿಗೆ ತೂರಾಡುವುದು, ಬುದ್ಧಿ ಮಂಕಾಗುವುದು. ಬಿಲ್‌ರೋತ್ ಜಠರವನ್ನು ಕತ್ತರಿಸಿದ ೧೮೮೧ರಲ್ಲಿಯೇ ಕಾರ್ಲ್ ವೆರ್ನಿಕೆ ಈ ಮಿದುಳಿನ ವ್ಯಾಧಿಯನ್ನು ವರ್ಣಿಸಿದನು. ಅವನು ಕಂಡ ರೋಗಿಗಳಲ್ಲಿ ಒಬ್ಬಾಕೆ ಮದ್ಯವ್ಯಸನಿಯಲ್ಲ. ಆಮ್ಲ ಸೇವಿಸಿ ಜಠರದ ಬಾಯಿ ಕಟ್ಟಿ, ಎಡೆಬಿಡದೆ ವಾಂತಿಮಾಡುತ್ತಿದ್ದ ತರುಣಿ. ಇಂಥ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಬರಿಯ ಗ್ಲೂಕೋಸು ಏರಿಸಿದರೆ ಅಪಾಯ ಹೆಚ್ಚುತ್ತದೆ. ನಿಶ್ಶಕ್ತಿಗೆ ‘ಒಂದು ಬಾಟಲಿ ಏರಿಸಿ’ ಎಂದು ಕೇಳುವ ರೂಢಿಯಿರುವ ನಮ್ಮ ಊರುಗಳಲ್ಲಿ ಈ ವಿಷಯವನ್ನು ಒತ್ತಿ ಹೇಳಬೇಕಾಗಿದೆ.

ಎರಡನೆಯದು ತಿಂಗಳುಗಳ ಹಂತ. ಸಿಹಿಯು ಜಠರದಲ್ಲಿ ನಿಲ್ಲದೆ ಒಮ್ಮೆಗೇ ಕರುಳಿಗೆ ಇಳಿಯುವುದರಿಂದ, ಹೋಳಿಗೆ ಪಾಯಸಗಳ ಊಟವಾದ ಅರ್ಧ ಗಂಟೆಯೊಳಗೆ ಎದೆ ಹಾರುವುದು, ಬೆವರುವುದು, ಹೊಟ್ಟೆ ನುಲಿಯುವುದು ಉಂಟು. ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಮೇಲೆ ರಕ್ತದ ಸಕ್ಕರೆ ತಟ್ಟನೆ ಇಳಿದು ತಲೆ ಸುತ್ತುತ್ತದೆ. ತೂಕ ವೇಗವಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು. ಸಸಾರಜನಕ ಸಾಲದೆ ತಲೆಗೂದಲು ಉದುರಬಹುದು, ಮಾಂಸಖಂಡಗಳು ಕರಗಬಹುದು.

ಮೂರನೆಯದು ವರ್ಷಗಳ ಹಂತ. ಎಲ್ಲಕ್ಕಿಂತ ಮೋಸಗೊಳಿಸುವುದು ಇದೇ. ಆರೋಗ್ಯವಂತನ ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, ೨ರಿಂದ ೫ ಮಿಲಿಗ್ರಾಮಿನಷ್ಟು ಬಿ-೧೨ ಸಂಗ್ರಹವಾಗಿರುತ್ತದೆ. ದಿನದ ವೆಚ್ಚವಾದರೋ ಎರಡು ಮೈಕ್ರೋಗ್ರಾಮಿನ ಆಸುಪಾಸು. ಹೀಗಾಗಿ ಆದಾಯ ನಿಂತರೂ ಕಣಜ ಬರಿದಾಗಲು ವರ್ಷಗಳು ಹಿಡಿಯುತ್ತವೆ. ಈ ಜೀವಸತ್ವವು ಮಾಂಸ, ಮೊಟ್ಟೆ, ಹಾಲುಗಳಲ್ಲಿ ಮಾತ್ರ ಸಹಜವಾಗಿ ದೊರೆಯುವುದರಿಂದ ಸಸ್ಯಾಹಾರಿಯ ಕಣಜ ಮೊದಲೇ ಚಿಕ್ಕದು. ಕೊರತೆಯಾದಾಗ ರಕ್ತಹೀನತೆಯ ಜತೆಗೆ ಕಾಲು ಜೋಮು ಹಿಡಿಯುವುದು, ಹೆಜ್ಜೆ ತಪ್ಪುವುದು, ಮರೆವು ಕವಿಯುವುದು ಉಂಟಾಗುತ್ತವೆ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತಹೀನತೆಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲಗಳಿರುತ್ತವೆ. ಅವು ಸಾಮಾನ್ಯರಿಗೆ ಹಿತಕರವಾದವುಗಳೇ. ಆದರೆ ಬಿ-೧೨ರ ಕೊರತೆಯಿರುವವನಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತವು ಸುಧಾರಿಸಿದಂತೆ ತೋರಿ, ನರಗಳ ಹಾನಿಯು ಮರೆಯಲ್ಲಿ ಮುಂದುವರಿಯಬಹುದು. ತಡವಾದರೆ ಆ ಹಾನಿ ಪೂರ್ಣವಾಗಿ ಮರಳದು. ಎಂಟು ವರ್ಷಗಳ ಹಿಂದೆ ನಡೆದ ಶಸ್ತ್ರಚಿಕಿತ್ಸೆಯನ್ನು ರೋಗಿಯು ಹೇಳದೆ, ವೈದ್ಯನು ಕೇಳದೆ ಹೋದರೆ ಇಂಥ ಅನರ್ಥ ಸಂಭವಿಸುತ್ತದೆ.

ಇನ್ನು ನಮ್ಮ ತಾಲ್ಲೂಕುಗಳ ಊಟವನ್ನು ಪರಿಶೀಲಿಸೋಣ. ಭತ್ತದ ಕಣಜವೆನಿಸಿದ ಕೃಷ್ಣರಾಜನಗರದ ಬಯಲನ್ನು ಬಿಟ್ಟರೆ ಈ ಸೀಮೆಯ ಮುಖ್ಯ ಆಹಾರ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೬೪ ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತನ್ನು ಮೀರದು. ಆದರೂ ಮುದ್ದೆಯ ಊಟದಲ್ಲಿ ಎರಡು ತೊಡಕುಗಳಿವೆ. ಮುದ್ದೆಯನ್ನು ನುಂಗುವುದು ನಮ್ಮ ಪದ್ಧತಿ. ಕಿರಿದಾದ ಜಠರಕ್ಕಾದರೋ ಪ್ರತಿಯೊಂದು ತುತ್ತನ್ನೂ ನುಣ್ಣಗೆ ಅಗಿಯಬೇಕು, ಇಲ್ಲವಾದರೆ ಅದು ಸಿಕ್ಕಿಕೊಂಡು ವಾಂತಿಯಾಗುತ್ತದೆ. ಎರಡನೆಯದಾಗಿ, ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ ೬೦ ಗ್ರಾಂ ಸಸಾರಜನಕ ಬೇಕೆಂದು ವಿಧಿಸಲಾಗಿದೆ. ನೂರು ಗ್ರಾಂ ರಾಗಿಯಿಂದ ದೊರೆಯುವುದು ಏಳು ಗ್ರಾಮಿನಷ್ಟು. ಹುರುಳಿಯಲ್ಲಿ ಅದು ಸುಮಾರು ೨೨ ಗ್ರಾಂ. ಆದಕಾರಣ ಮೊದಲು ಮೊಟ್ಟೆ, ಮೊಸರು, ಮೆತ್ತಗೆ ಬೆಂದ ಬೇಳೆ, ಹಿಸುಕಿದ ಅವರೆಗಳನ್ನು ಉಂಡು, ಉಳಿದ ಜಾಗಕ್ಕೆ ರಾಗಿಯನ್ನು ಅಂಬಲಿಯ ರೂಪದಲ್ಲಿ ತೆಗೆದುಕೊಳ್ಳುವುದು ಲೇಸು. ಊಟದೊಡನೆ ಕಾಫಿ, ಚಹಗಳನ್ನು ಕುಡಿದರೆ ಕಬ್ಬಿಣ ರಕ್ತಕ್ಕೆ ಸೇರುವುದು ಕುಂದುತ್ತದೆ. ನಿಂಬೆ, ನೆಲ್ಲಿಗಳ ಹುಳಿಯಿಂದ ಹೆಚ್ಚುತ್ತದೆ. ಆದರೆ ಆಹಾರ ಎಷ್ಟೇ ಉತ್ತಮವಾಗಿದ್ದರೂ ಅದೊಂದೇ ಸಾಲದೆಂಬುದನ್ನು ಮರೆಯಬಾರದು.

ಮತ್ತೊಂದು ಮಾತು. ಹುಣಸೂರು, ಪಿರಿಯಾಪಟ್ಟಣಗಳ ಸುತ್ತಿನದು ವರ್ಜೀನಿಯಾ ತಂಬಾಕಿನ ಬೆಳೆಗೆ ಹೆಸರಾದ ನಾಡು. ಬೈಪಾಸ್ ಆದವನು ಬೀಡಿ ಸಿಗರೇಟುಗಳನ್ನು ಸೇದಿದರೆ, ಜಠರ ಮತ್ತು ಕರುಳುಗಳನ್ನು ಹೊಲಿದ ಎಡೆಯಲ್ಲಿ ಹುಣ್ಣಾಗುವ ಸಂಭವ ಹೆಚ್ಚು. ಹಿಂದೆ ಹುಣ್ಣಿನ ಪರಿಹಾರಕ್ಕಾಗಿ ನಡೆಸಿದ ಕರುಳಿನ ಜೋಡಣೆಯೇ ಇಂದು ಹೊಸ ಹುಣ್ಣಿಗೆ ಎಡೆಯಾಗುವುದು ಇನ್ನೊಂದು ವೈಪರೀತ್ಯ.

ಪರಿಹಾರವು ದುಬಾರಿಯಾದುದಲ್ಲ. ಮೊದಲ ವರ್ಷದಲ್ಲಿ ಮೂರು, ಆರು, ಹನ್ನೆರಡನೆಯ ತಿಂಗಳುಗಳಲ್ಲಿ, ಅನಂತರ ಪ್ರತಿವರ್ಷವೂ ರಕ್ತಪರೀಕ್ಷೆ. ವೈದ್ಯರು ವಿಧಿಸಿದಂತೆ ಆಜೀವ ಪರ್ಯಂತ ಬಿ-೧೨, ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳ ಪೂರೈಕೆ. ಕಬ್ಬಿಣ ಮತ್ತು ಸುಣ್ಣದ ಮಾತ್ರೆಗಳ ನಡುವೆ ಎರಡು ಗಂಟೆಗಳ ಅಂತರ. ಹೆಂಗಸರಾದರೆ ಒಂದು ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡುವುದು. ಇವೆಲ್ಲಕ್ಕೂ ಆಧಾರವಾದುದು ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಚೀಟಿ. ಯಾವ ಶಸ್ತ್ರಚಿಕಿತ್ಸೆ, ಯಾವ ದಿನ, ಎಷ್ಟು ಭಾಗ ತೆಗೆಯಲಾಯಿತು ಎಂಬುದಕ್ಕೆ ಅದೇ ದಾಖಲೆ. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು ೭೦ ಕಿಲೋಮೀಟರು. ಮೈಹಗುರಾಗಿ ಹಿತವೆನಿಸಿದಾಗ ವರ್ಷವರ್ಷವೂ ಅಷ್ಟು ದೂರ ಪರೀಕ್ಷೆಗೆ ಹೋಗುವ ಉತ್ಸಾಹ ಉಳಿಯುವುದು ಕಷ್ಟ. ಆದರೆ ಆ ಚೀಟಿಯನ್ನು ಭೂಮಿಯ ಪಹಣಿಯಷ್ಟೇ ಜೋಪಾನವಾಗಿ ಇಟ್ಟು, ತಾಲ್ಲೂಕಿನ ವೈದ್ಯರಿಗೆ ಪ್ರತಿಸಲವೂ ತೋರಿಸುವುದು ಅಸಾಧ್ಯವೇನಲ್ಲ.

ಮೈಸೂರಿನ ಅನುಭವವನ್ನು ಹೊತ್ತ ವೈದ್ಯರು ೧೯೮೦ರಲ್ಲಿ ಎಚ್ಚರಿಸಿದ ಅಲಕ್ಷ್ಯವು ಇಂದು ಬೇರೊಂದು ಹೆಸರಿನ ಶಸ್ತ್ರಚಿಕಿತ್ಸೆಯ ಬೆನ್ನಿಗೆ ಮರುಕಳಿಸಬಾರದು. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರುಗಳಲ್ಲಿ ಈ ವಿಷಯವನ್ನು ನಾಲ್ಕು ಜನರಿಗೆ ತಿಳಿಸಿದರೆ ಒಬ್ಬರದಾದರೂ ಕಾಲಿನ ಬಲ ಉಳಿದೀತು. ಶಸ್ತ್ರವೈದ್ಯನ ಕೆಲಸವು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ರೋಗಿಯ ಕೆಲಸವು ಆ ದಿನ ಆರಂಭವಾಗಿ ಬಾಳಿನ ಕೊನೆಯವರೆಗೂ ನಡೆಯಬೇಕಾಗುತ್ತದೆ.