ಪರನಾಡಿನಲ್ಲಿ ಹಬ್ಬದ ದಿನ

ನಾವು ವಾಸಿಸುವ ಸಾಂತಾಕ್ರೂಜಿನ ಹೆಸರು ಕನ್ನಡದ್ದಲ್ಲ, ಮರಾಠಿಯದೂ ಅಲ್ಲ. ಅದು ಪೋರ್ತುಗೀಜ್ ಭಾಷೆಯದು. ‘ಪವಿತ್ರ ಶಿಲುಬೆ’ ಎಂದು ಅದರ ಅರ್ಥ. ಊರಿನ ಹೆಸರಿನಂತೆಯೇ ಇಲ್ಲಿಯ ಹಬ್ಬಗಳೂ ಹಲವು ಜನರಿಗೆ ಸೇರಿದವು. ಚೈತ್ರ ಶುದ್ಧ ಪ್ರತಿಪದೆಯಂದು ನೆರೆಮನೆಯ ಕಿಟಕಿಯಲ್ಲಿ ಗುಡಿ ಏರುತ್ತದೆ. ಘಟ್ಟದ ಮೇಲಿನಿಂದ ಬಂದವರಿಗೆ ಅದೇ ದಿನ ಯುಗಾದಿ. ತುಳುನಾಡಿನಿಂದ ಬಂದವರ ಮನೆಗಳಲ್ಲಾದರೋ ಹೊಸ ವರ್ಷವು ಕಾಲಿಡುವುದು ಏಪ್ರಿಲ್ ತಿಂಗಳ ನಡುವೆ, ಬಿಸುವಿನಂದು. ಕನ್ನಡನಾಡಿನಲ್ಲಿ ಗೌರಿಯು ಗಣಪತಿಗಿಂತ ಒಂದು ದಿನ ಮೊದಲು ಬರುತ್ತಾಳೆ; ಮಹಾರಾಷ್ಟ್ರದಲ್ಲಿ ಗಣಪತಿಯು ಬಂದು ಕುಳಿತ ಮೇಲೆ ಬರುತ್ತಾಳೆ. ಮೇರಿ ಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರಂದು ಮಂಗಳೂರಿನ ಕ್ಯಾಥೊಲಿಕರು ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ಯುತ್ತಾರೆ. ಅದೇ ಜನ್ಮದಿನದ ನಿಮಿತ್ತವಾಗಿ ನಮ್ಮ ಸಮೀಪದ ಬಾಂದ್ರಾ ಗುಡ್ಡದ ಮೇಲೆ ಒಂದು ವಾರದ ಜಾತ್ರೆ ನಡೆಯುತ್ತದೆ.

ಆದುದರಿಂದ ಪರರ ಹಬ್ಬದ ನಡುವೆ ನಿಂತು ನೋಡುವುದು ನಮಗೆ ಹೊಸದಲ್ಲ. ಹಾಗೆ ನೋಡುವವರಿಗೆ ಒಂದು ಮಾತು ಬೇಗನೆ ಹೊಳೆಯುತ್ತದೆ. ಯಾವ ಹಬ್ಬಕ್ಕಾದರೂ ಎರಡು ಭಾಗಗಳುಂಟು. ಒಂದು ಬೀದಿಯ ಹಬ್ಬ, ಮತ್ತೊಂದು ಮನೆಯ ಹಬ್ಬ. 1893ರಲ್ಲಿ ಲೋಕಮಾನ್ಯ ತಿಲಕರು ಗಣೇಶನ ಹಬ್ಬಕ್ಕೆ ಸಾರ್ವಜನಿಕ ಉತ್ಸವದ ರೂಪವನ್ನು ಕೊಟ್ಟುದರಿಂದ, ನಿನ್ನೆಯಷ್ಟೇ ಮುಂಬಯಿಗೆ ಬಂದಿಳಿದವನೂ ಮಂಟಪದ ಮುಂದೆ ನಿಂತು ಪ್ರಸಾದಕ್ಕೆ ಕೈಯೊಡ್ಡಬಲ್ಲನು. ಆದರೆ ಮನೆಯ ಹಬ್ಬಕ್ಕೆ ಒಳಗಿನವರೇ ಕರೆಯಬೇಕು. ಈ ಭೇದವು ಎದ್ದು ಕಾಣುವ ದೇಶಗಳಲ್ಲಿ ಜರ್ಮನಿಯೂ ಒಂದು. ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಇಂದು ಅಲ್ಲಿಗೆ ಹೋಗುವ ಕನ್ನಡಿಗರು ಅನೇಕರಿದ್ದಾರೆ. ನಾಳೆ ನಮ್ಮಲ್ಲಿಯೂ ಕೆಲವರು ಹೋಗಬಹುದು. ಒಂದು ಚಳಿಗಾಲವನ್ನು ನಾವು ಅಲ್ಲಿ ಕಳೆಯಬೇಕಾಗಿ ಬಂದಿತೆಂದು ಭಾವಿಸೋಣ.

ನವೆಂಬರ್ 11ರ ಸಂಜೆ ಮಕ್ಕಳು ಕಾಗದದ ಕಂದೀಲುಗಳನ್ನು ಕೋಲಿಗೆ ತೂಗುಹಾಕಿಕೊಂಡು, ಹಾಡುತ್ತ ಬೀದಿಯಲ್ಲಿ ಸಾಗುತ್ತಾರೆ. ದೀಪಾವಳಿಯ ಆಕಾಶಕಂದೀಲನ್ನು ಬಲ್ಲ ನಮಗೆ ಕೂಡಲೆ ಊರಿನ ನೆನಪಾಗುವುದು ಸಹಜ. ಅದು ಸಂತ ಮಾರ್ಟಿನನ ದಿನ. ಸೈನಿಕನಾಗಿದ್ದ ಮಾರ್ಟಿನನು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡು, ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧವನ್ನು ಅವನಿಗೆ ಹೊದಿಸಿದನೆಂದು ಕಥೆ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ‘ಆಡ್ವೆಂಟ್’ ಎನ್ನುತ್ತಾರೆ. ಆಗಮನವೆಂದು ಅದರ ಅರ್ಥ. ಹಸುರೆಲೆಗಳ ಚಕ್ರದ ಮೇಲೆ ನಾಲ್ಕು ಮೇಣದಬತ್ತಿಗಳನ್ನಿಟ್ಟು, ಮೊದಲನೆಯ ಭಾನುವಾರ ಒಂದನ್ನು, ಎರಡನೆಯ ಭಾನುವಾರ ಎರಡನ್ನು, ಹೀಗೆ ಬೆಳಗುತ್ತ ಹೋಗುತ್ತಾರೆ. ಹಾಂಬುರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಮವೊಂದನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಖೆರ್ನ್ ಎಂಬವರು 1839ರಲ್ಲಿ ಇದನ್ನು ಆರಂಭಿಸಿದರು. ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಆ ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದುದರಿಂದ, ಎಣಿಸಿ ನೋಡುವಂತೆ ದಿನಕ್ಕೊಂದು ಬತ್ತಿಯನ್ನು ಹಚ್ಚಿಸಿದರಂತೆ. ಕಾಗದದ ನಕ್ಷತ್ರದ ಕಥೆಯೂ ವಿದ್ಯಾರ್ಥಿಗಳಾದ ನಮಗೆ ಪ್ರಿಯವಾಗತಕ್ಕುದು. ಹೆರ್ನ್‌ಹುಟ್ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ಹಲವು ಮೊನೆಗಳ ನಕ್ಷತ್ರವು 19ನೆಯ ಶತಮಾನದಲ್ಲಿ ನೀಸ್ಕಿ ಎಂಬಲ್ಲಿಯ ಶಾಲೆಯೊಂದರಲ್ಲಿ, ರೇಖಾಗಣಿತದ ಪಾಠವಾಗಿ ಹುಟ್ಟಿತು! ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟುಗಳನ್ನು ಒರಸಿ ಬಾಗಿಲ ಬಳಿ ಇಡುತ್ತಾರೆ. ಸಂತ ನಿಕೊಲಾಸನು ಬಂದು ಅವುಗಳಲ್ಲಿ ಮಿಠಾಯಿಯನ್ನು ತುಂಬಿ ಹೋಗುತ್ತಾನೆಂದು ನಂಬಿಕೆ. ಪೇಟೆಯ ಚೌಕಗಳಲ್ಲಿ ದೀಪ, ತಿಂಡಿ, ಆಟಿಕೆಗಳ ಸಂತೆ ತಿಂಗಳೆಲ್ಲ ನೆರೆದಿರುತ್ತದೆ.

ಇವೆಲ್ಲ ಬಹುಮಟ್ಟಿಗೆ ಬೀದಿಯ ಹಬ್ಬ; ಅದರಲ್ಲಿ ಪರಕೀಯನೂ ಸಂತೋಷವಾಗಿ ಬೆರೆಯಬಹುದು. ಆದರೆ ಡಿಸೆಂಬರ್ 24 ಬಂದೊಡನೆ ಎಲ್ಲವೂ ಬದಲಾಗುತ್ತದೆ. ಮಧ್ಯಾಹ್ನ 2 ಗಂಟೆಗೆಲ್ಲ ಅಂಗಡಿಗಳು ಮುಚ್ಚುತ್ತವೆ. 4 ಗಂಟೆಯ ಸುಮಾರಿಗೆ ಕತ್ತಲೆಯಾಗುತ್ತದೆ. ಬಸ್ಸುಗಳು ವಿರಳವಾಗುತ್ತವೆ. ಪ್ರತಿಯೊಂದು ಮನೆಯಲ್ಲಿಯೂ ದೀಪದ ಮರದ ಸುತ್ತ ತಂದೆ, ತಾಯಿ, ಅಜ್ಜ, ಅಜ್ಜಿಯರು ಕೂಡಿ ಕಾಣಿಕೆಗಳನ್ನು ಬಿಚ್ಚುತ್ತಾರೆ. 25 ಮತ್ತು 26 ಎರಡೂ ರಜಾದಿನಗಳು. ನಮ್ಮಲ್ಲಿ ಹಬ್ಬವೆಂದರೆ ಗದ್ದಲ. ಅಲ್ಲಿ ಆ ಸಂಜೆಯ ಹಬ್ಬವೆಂದರೆ ಮೌನ. ಇದನ್ನರಿಯದೆ ಹೋದ ವಿದ್ಯಾರ್ಥಿಯು ಹಬ್ಬ ನೋಡೋಣವೆಂದು ಹೊರಟರೆ, ಬೀದಿಯಲ್ಲಿ ಅವನೊಬ್ಬನೇ ಇರುತ್ತಾನೆ. ಹಾಲು, ರೊಟ್ಟಿಗಳನ್ನು ಮೊದಲೇ ತಂದಿಡದಿದ್ದರಂತೂ ಪೇಚಾಟ ಬೇರೆ. ದೇಶದಲ್ಲೆಲ್ಲ ಸಂತೋಷವು ತುಂಬಿರುವಾಗ ತಾನೊಬ್ಬನೇ ಹೊರಗೆ ನಿಂತಿರುವೆನೆಂಬ ದುಃಖವು, ಚಳಿಗಿಂತಲೂ ಹೆಚ್ಚಾಗಿ ಅವನನ್ನು ಬಾಧಿಸುತ್ತದೆ.

ಇದಕ್ಕೆ ಜರ್ಮನರ ಮನಸ್ಸು ಕಠಿಣವೆಂದು ತಿಳಿಯಬಾರದು. ಮನೆಯವರೆಲ್ಲ ಒಂದೆಡೆ ಸೇರುವ ಸಂಜೆಯೆಂಬುದೇ ಆ ಹಬ್ಬದ ತಿರುಳು. ಅಂಥ ಸಂಜೆ ನೆರೆಯವರಾಗಲಿ ಸಹಪಾಠಿಯಾಗಲಿ ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆದರೆ, ಅದು ಬಾಯುಪಚಾರದ ಮಾತಲ್ಲ. ಮನೆಯವರಲ್ಲಿ ಒಬ್ಬರೆಂದು ಎಣಿಸಿದಂತೆಯೇ ಸರಿ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ಕೈಯಲ್ಲಿ ಚಿಕ್ಕದೊಂದು ಕಾಣಿಕೆಯಿರಬೇಕು. ತಿಳಿಯದುದನ್ನು ಸಂಕೋಚವಿಲ್ಲದೆ ಕೇಳಬೇಕು. ‘ನಿಮ್ಮ ಹಬ್ಬ ಯಾವುದು? ಅಂದು ಏನು ಮಾಡುತ್ತೀರಿ?’ ಎಂದು ಅವರೂ ಕೇಳದಿರರು. ಆಗ ಉತ್ತರ ಹೇಳಲು ತಿಳಿಯದೆ ತಲೆ ತಗ್ಗಿಸುವಂತಾಗಬಾರದು. ತನ್ನ ಹಬ್ಬವನ್ನು ಚೆನ್ನಾಗಿ ಬಲ್ಲವನೇ ಪರರ ಹಬ್ಬದಲ್ಲಿ ಒಳ್ಳೆಯ ಅತಿಥಿ.

ಹಿಂದೆ ಜರ್ಮನರೇ ನಮ್ಮ ನಾಡಿನಲ್ಲಿ ಪರಕೀಯರಾಗಿದ್ದ ಕಾಲವುಂಟು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಅನೇಕರು ಜರ್ಮನರು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರು ರಚಿಸಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಶಬ್ದಗಳಷ್ಟೇ ಅಲ್ಲ, ಜನರ ಬಾಯಿಯ ಗಾದೆಗಳೂ ಉಂಟು. ಕನ್ನಡ ಪಂಡಿತರೂ ಜನರೂ ತಮ್ಮ ಮಾತನ್ನು ಅವರಿಗೆ ಹೇಳಿಕೊಡದಿದ್ದರೆ ಆ ಗ್ರಂಥವು ಆಗುತ್ತಿತ್ತೆ? ಒಳಗಿನವರು ಬಾಗಿಲು ತೆರೆದರು. ಹೊರಗಿನವರು ಶ್ರದ್ಧೆಯಿಂದ ಕಲಿತರು.

ಈ ಪಾಠವು ಜರ್ಮನಿಗೆ ಹೋಗುವವರಿಗೆ ಮಾತ್ರವಲ್ಲ. ಹಿಂದೆ ಊರಿನಿಂದ ಮುಂಬಯಿಗೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿದ ಹುಡುಗರಿಗೆ ದೀಪಾವಳಿಯೆಂದರೆ ಗಿರಾಕಿಗಳು ಹೆಚ್ಚಾಗಿ ಬರುವ ದಿನವಾಗಿತ್ತು. ಅಂಥವರ ಮಕ್ಕಳು, ಮೊಮ್ಮಕ್ಕಳು ನಮ್ಮಲ್ಲಿ ಅನೇಕರಿದ್ದೇವೆ. ಇಂದು ಕಲಬುರಗಿ, ಯಾದಗಿರಿಗಳ ಕಡೆಯಿಂದ ಬಂದ ಗೆಳೆಯರು ಮುಂಬಯಿಯ ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಕ್ರಿಸ್ಮಸ್ಸಿನ ಹಿಂದುಮುಂದಾಗಿಯೇ ಅವರಿಗೆ ಎಳ್ಳಮಾವಾಸ್ಯೆ ಬರುತ್ತದೆ. ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಕೂಡಿ ಉಣ್ಣುವುದು ಅವರ ಪದ್ಧತಿ. ಸಾಂತಾಕ್ರೂಜಿನಲ್ಲಿ ಅವರಿಗೆ ಹೊಲವೆಲ್ಲಿ? ಕನ್ನಡಿಗರೇ ಆದ ನಮ್ಮಲ್ಲಿಯೂ ಆ ಹಬ್ಬವನ್ನರಿಯದವರು ಎಷ್ಟೋ ಮಂದಿ. ಆ ದಿನ ಪಕ್ಕದಲ್ಲಿ ಕುಳಿತ ಗೆಳೆಯನನ್ನು ‘ನಿಮ್ಮೂರಿನಲ್ಲಿ ಇಂದು ಏನು ಮಾಡುತ್ತಾರೆ?’ ಎಂದು ಕೇಳೋಣ. ಅವನು ತಂದ ಬುತ್ತಿಯನ್ನು ಕೂಡಿ ಉಣ್ಣೋಣ. ನಾವು ಪರನಾಡಿಗೆ ಹೋದಾಗ ಯಾರಾದರೂ ನಮಗೆ ಬಾಗಿಲು ತೆರೆಯಲೆಂದು ಬಯಸುವ ಮೊದಲು, ಇಲ್ಲಿ ನಾವು ತೆರೆಯಬೇಕಾದ ಬಾಗಿಲು ಇದೇ ಅಲ್ಲವೆ?