ಮೂಟೆಯ ಜೊತೆ ಮೈಯೂ ಏರುತ್ತದೆ

ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಎಂದರೆ ಸೈಯದ್ ಘನಿ ಖಾನ್ ಕಾಪಾಡಿಕೊಂಡು ಬಂದಿರುವ ನೂರಾರು ದೇಸಿ ಭತ್ತದ ತಳಿಗಳು ನೆನಪಾಗುತ್ತವೆ. ತಳಿ ಯಾವುದಾದರೂ ಭತ್ತ ಚೀಲ ಸೇರಿದ ಮೇಲೆ ಲಾರಿ ಏರಬೇಕು. 50 ಕಿಲೋ ಮೂಟೆಯನ್ನು ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಿದರೆ ಆಗುವ ಕೆಲಸವೆಷ್ಟು? ತೂಗುವ ದ್ರವ್ಯರಾಶಿ, ಗುರುತ್ವದ 9.8, ಎತ್ತರ ಮೂರನ್ನೂ ಗುಣಿಸಿದರೆ 735 ಜೂಲ್. ನೂರು ಮೂಟೆಗೆ 73,500 ಜೂಲ್, ಅಂದರೆ ಹದಿನೇಳೂವರೆ ಕಿಲೋಕ್ಯಾಲರಿ. ಐದು ಗ್ರಾಂ ಅಕ್ಕಿಯಲ್ಲೇ ಅಷ್ಟು ಶಕ್ತಿಯಿದೆ! ನೂರು ಮೂಟೆ ಹೊತ್ತವರ ದಣಿವಿಗೆ ಇದು ತಾಳೆಯಾಗುವುದಿಲ್ಲ. ಹಾಗೆಂದು ಸೂತ್ರ ತಪ್ಪಲ್ಲ. ಏರಿದ್ದು ಏನೇನು ಎಂದು ಎಣಿಸುವಲ್ಲಿ ನಾವು ಎಡವಿದ್ದೇವೆ.

ಹಲಗೆಯ ಮೇಲೆ ಮೂಟೆ ಹೊತ್ತು ಹತ್ತುವ ಹಮಾಲ 60 ಕಿಲೋ ತೂಗಿದರೆ, ಅವನ ಮೈಯನ್ನು ಏರಿಸಲಿಕ್ಕೇ 882 ಜೂಲ್ ಬೇಕು. ಮೂಟೆಗಿಂತ ಮೈಯದೇ ಹೆಚ್ಚು. ಇಳಿಯುವಾಗ ಆ ಶಕ್ತಿ ಮರಳಿ ಸಿಗುವುದೂ ಇಲ್ಲ. ಸ್ನಾಯುಗಳು ತಿಂದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸವಾಗಿಸುತ್ತವೆ, ಮಿಕ್ಕದ್ದು ಶಾಖ. ಹೀಗೆ ನೂರು ಸಲ ಹತ್ತಿದರೆ ನೂರೈವತ್ತು ಕಿಲೋಕ್ಯಾಲರಿ ದಾಟುತ್ತದೆ. ಮೂಟೆ ಹೊತ್ತು ಸುಮ್ಮನೆ ನಿಂತಾಗ ಭೌತವಿಜ್ಞಾನದ ಪ್ರಕಾರ ಕೆಲಸ ಸೊನ್ನೆ. ಆಗಲೂ ಸ್ನಾಯುವಿನ ಎಳೆಗಳು ಹಿಡಿದು ಬಿಟ್ಟು, ಮತ್ತೆ ಹಿಡಿದು ಶಕ್ತಿ ಸುಡುತ್ತಲೇ ಇರುತ್ತವೆ.

ಉದ್ದನೆಯ ಹಲಗೆ ಹಾಕಿದರೆ ಶ್ರಮ ಇಳಿಯದೇ ಎಂದು ಕೇಳಬಹುದು. ಏರು ಸಲೀಸಾಗುತ್ತದೆ, ಆದರೆ ಏರಬೇಕಾದ ಎತ್ತರ ಅಷ್ಟೇ, ಆದ್ದರಿಂದ ಜೂಲ್‌ಗಳೂ ಅಷ್ಟೇ. ಚೀಲವನ್ನು 25 ಕಿಲೋಗೆ ಇಳಿಸಿದರೆ? ಮೈ ಎರಡು ಪಟ್ಟು ಸಲ ಏರುವುದರಿಂದ ಒಟ್ಟು ಕೆಲಸ ಇನ್ನೂ ಹೆಚ್ಚುತ್ತದೆ. ಆದರೂ ಹಗುರ ಚೀಲವೇ ಮೇಲು, ಏಕೆಂದರೆ ಬೆನ್ನುಮೂಳೆ ಸವೆಯುವುದು ಒಂದೊಂದು ಸಲ ಬೀಳುವ ಭಾರದಿಂದ. ಗಂಡಸರ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದ್ದು ಇದೇ ಕಾಳಜಿಯಿಂದ.

ನಿಜವಾದ ಉಳಿತಾಯವಿರುವುದು ಮೈ ನೆಲದಲ್ಲೇ ಉಳಿದು ಮೂಟೆಯಷ್ಟೇ ಏರುವಂತೆ ಮಾಡುವುದರಲ್ಲಿ. ಮೋಟಾರಿನ ಬೆಲ್ಟ್ ಮಾಡುವುದು ಅದನ್ನೇ. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ನೂರು ಮೂಟೆಗೆ ಬೇಕಾದದ್ದು ಅದರ ಐವತ್ತನೇ ಒಂದು ಪಾಲು. ಮೋಟಾರು, ಬೆಲ್ಟಿನ ನಷ್ಟ ಅದರ ಐದು ಪಟ್ಟಾದರೂ ಯೂನಿಟ್ಟಿನ ಎಂಟನೇ ಒಂದು ಭಾಗ ಸಾಕು. ಭತ್ತ ತುಂಬುವ ಪ್ರತಿ ಗಿರಣಿಯೂ ಖರೀದಿ ಕೇಂದ್ರವೂ ಈ ಯಂತ್ರವನ್ನು ಇಟ್ಟುಕೊಳ್ಳಬೇಕು.